ಪರಂಗಿಯ ಪೂರ್ವಾಶ್ರಮ

ಮೈಸೂರು ಸೀಮೆಯ ಸಂತೆಯಲ್ಲಿ ಪರಂಗಿ ಹಣ್ಣು ಸೀಳಿ, ಕರಿಬೀಜ ಕೆರೆದು ಹಾಕಿ, ಹೋಳು ಮಾಡಿ ಕೊಡುವವರಿಗೆ ಫ್ರಾನ್ಸಿನ ಗೊಡವೆ ಇಲ್ಲ. ಆದರೆ ಹಣ್ಣಿನ ಹೆಸರಿನ ಬೇರು ಹಿಡಿದು ಹೊರಟರೆ ತಲುಪುವುದು ರೈನ್ ನದಿಯ ಕೆಳದಂಡೆಗೆ, ಫ್ರಾಂಕ್ ಎಂಬ ಜರ್ಮನಿಕ್ ಬುಡಕಟ್ಟಿನ ಬಳಿಗೆ.

ಫ್ರಾಂಕರ ದೊರೆ ಕ್ಲೋವಿಸ್ 486ರಲ್ಲಿ ಸ್ವಾಸೋಂ ಬಳಿ ರೋಮನ್ ಅಧಿಪತಿ ಸ್ಯಾಗ್ರಿಯಸ್‌ನನ್ನು ಸೋಲಿಸಿದ. ಗಾಲ್ ಎನಿಸಿಕೊಂಡಿದ್ದ ನಾಡಿಗೆ ಬರಬರುತ್ತ ಗೆದ್ದವರ ಹೆಸರೇ ನಿಂತಿತು. ತಮಾಷೆಯೆಂದರೆ, ಗೆದ್ದವರ ಮಾತು ನಿಲ್ಲಲಿಲ್ಲ. ಸೋತವರ ಬಾಯಲ್ಲಿದ್ದ ಲ್ಯಾಟಿನ್ನೇ ಬೆಳೆದು ಫ್ರೆಂಚ್ ಆಯಿತು. ಫ್ರಾಂಕರ ನುಡಿಯಿಂದ ಅದರಲ್ಲಿ ಉಳಿದದ್ದು ಒಂದಷ್ಟು ಪದ: ಯುದ್ಧಕ್ಕೆ 'ಗೇರ್', ತೋಟಕ್ಕೆ 'ಜಾರ್ದ್ಯಾಂ', ನೀಲಿಗೆ 'ಬ್ಲ' ಇಂಥವು. ಗ್ರೀಕರು ಮಾತ್ರ ಹಟ ಬಿಟ್ಟಿಲ್ಲ. ಫ್ರಾನ್ಸನ್ನು ಇಂದಿಗೂ 'ಗಲ್ಲಿಯಾ' ಎಂದೇ ಕರೆಯುತ್ತಾರೆ.

1356ರಲ್ಲಿ ಪ್ವಾತಿಯೆ ಕಾಳಗದಲ್ಲಿ ಇಂಗ್ಲಿಷರಿಗೆ ಸೆರೆಸಿಕ್ಕ ಎರಡನೇ ಜಾನ್ ದೊರೆಯನ್ನು ಬಿಡಿಸಿಕೊಳ್ಳಲು ಹಣ ಬೇಕಾಯಿತು. 1360ರಲ್ಲಿ ಚಿನ್ನದ ಹೊಸ ನಾಣ್ಯ ಬಂತು: ಕತ್ತಿ ಎತ್ತಿ ಕುದುರೆ ಓಡಿಸುತ್ತಿರುವ ರಾಜ, ಅಂಚಿನಲ್ಲಿ 'ಫ್ರಾಂಕರ ದೊರೆ' ಎಂಬ ಲ್ಯಾಟಿನ್ ಬರಹ. ಅದರ ಹೆಸರೇ ಫ್ರಾಂಕ್. 'ಫ್ರಾಂಕ್' ಎಂದರೆ ಬಂಧನವಿಲ್ಲದವನು ಎಂಬ ಅರ್ಥವೂ ಆಗ ಇತ್ತು. ನಾಣ್ಯಕ್ಕೆ ಹೆಸರು ಬಂದದ್ದು ಬರಹದಿಂದಲೋ ಬಿಡುಗಡೆಯಿಂದಲೋ ಎಂದು ಪಂಡಿತರು ವಾದಿಸುತ್ತಾರೆ. ನನಗೆ ಎರಡನೆಯದೇ ರುಚಿ. ಫ್ರಾನ್ಸಿನಲ್ಲಿ ಆ ಹೆಸರಿನ ಹಣ ಕೈಬದಲಾಗುವುದು ನಿಂತದ್ದು 2002ರಲ್ಲಿ, ಯೂರೋ ಬಂದಾಗ.

ಆ ನಾಣ್ಯ ಹುಟ್ಟುವ ಮೊದಲೇ ಪದ ಪೂರ್ವಕ್ಕೆ ಬಂದಾಗಿತ್ತು. 1096ರಲ್ಲಿ ಹೊರಟ ಶಿಲುಬೆಯ ದಂಡಿನವರನ್ನೆಲ್ಲ, ಊರು ಕೇರಿ ವಿಚಾರಿಸದೆ, ಅರಬರು 'ಇಫ್ರಂಜ್' ಎಂದರು. ಪರ್ಷಿಯನ್ನರ ಬಾಯಲ್ಲಿ 'ಫರಂಗಿ' ಆಯಿತು. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಪೋರ್ಚುಗೀಸರಿಗೆ ಇಲ್ಲಿ ಹೆಸರು ಮೊದಲೇ ಸಿದ್ಧವಿತ್ತು. ಅವರ ತೋಪು ಫಿರಂಗಿ. ಅವರೊಂದಿಗೆ ಬಂದ ಗುಹ್ಯರೋಗ, 'ಭಾವಪ್ರಕಾಶ' ಎಂಬ ವೈದ್ಯಗ್ರಂಥದ ಭಾವಮಿಶ್ರನಿಗೆ, ಫಿರಂಗರೋಗ. ಅಮೆರಿಕದಿಂದ ಬಂದ ಹಣ್ಣು ನಮಗೆ ಪರಂಗಿ.

ನಿಜವಾದ ಫ್ರೆಂಚರೂ ಬಂದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಿತ್ತು; ಈಗ ಅದು ಪಾಂಡವಪುರ. ಪರಂಗಿ ಎನಿಸಿಕೊಳ್ಳಲು ಹುಟ್ಟಿನಿಂದಲೇ ಹಕ್ಕಿದ್ದವರು ಆ ಸಿಪಾಯಿಗಳು. ಹಣ್ಣಿಗೆ ಮಾತ್ರ ಅವರ ಭಾಷೆಯಲ್ಲಿ 'ಪಪಾಯ್' ಎನ್ನುತ್ತಾರೆ.