ಲೀಗೂ ಕಪ್ಪೂ: ಬೆಂಗಳೂರು ಎಫ್‌ಸಿ ನಡೆದ ದಾರಿ

ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟನ್ನುಗಳ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಈ ಊರಿನ ಸಾರಂಗಪಾಣಿ ರಾಮನ್. ಕೋಲ್ಕತ್ತದ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು (ಇಂದಿನ ಕರ್ನಾಟಕ) ನಾಲ್ಕು ಸಲ ಗೆದ್ದಿತ್ತು, ನಾಲ್ಕನೆಯದು 1968-69ರಲ್ಲಿ.

ಆಮೇಲಿನ ದಶಕಗಳಲ್ಲಿ ಆಟವನ್ನು ಉಳಿಸಿದ್ದು ಎಚ್‌ಎಎಲ್, ಐಟಿಐಯಂಥ ಕಾರ್ಖಾನೆಗಳು. ಆಟಗಾರನಿಗೆ ನೌಕರಿ, ಸಂಜೆ ಅಭ್ಯಾಸ, ನಿವೃತ್ತಿಗೆ ಪಿಂಚಣಿ. ಸಂಸಾರ ನಡೆಸಲು ಅದು ಒಳ್ಳೆಯ ಏರ್ಪಾಡು. ಆದರೆ ವೃತ್ತಿಪರ ಲೀಗಿನ ಓಟಕ್ಕೆ ಅದು ಸಾಲಲಿಲ್ಲ. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿದ ಮೇಲೆ ದೇಶದ ಅಗ್ರ ಲೀಗಿನಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ.

ಆ ಖಾಲಿ ಜಾಗಕ್ಕೆ ಬಂದದ್ದು ಬೆಂಗಳೂರು ಎಫ್‌ಸಿ. ಹೊಸ ನಗರಗಳಿಗೆ ನೇರ ಪ್ರವೇಶ ಕೊಡಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬಿಡ್ ಕರೆದಾಗ, ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರನ್ನು ಆರಿಸಿಕೊಂಡಿತು. 2013ರ ಜುಲೈ 20ರಂದು ಕ್ಲಬ್ ಲೋಕಾರ್ಪಣೆಯಾಯಿತು. ಮೊದಲ ಪಂದ್ಯಕ್ಕೆ ಉಳಿದದ್ದು ಎರಡೇ ತಿಂಗಳು.

ತರಬೇತುದಾರ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ಬೆಳೆದವರು. ನಾಯಕ ಸುನಿಲ್ ಚೆಟ್ರಿ. ರಕ್ಷಣೆಗೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಮುಂಪಡೆಗೆ ಆಸ್ಟ್ರೇಲಿಯಾದ ಶಾನ್ ರೂನಿ, ಲೈಬೀರಿಯಾದ ಜಾನಿ ಮೆನ್ಯೊಂಗರ್. ಅವರ ಜೊತೆಗೆ ರಾಬಿನ್ ಸಿಂಗ್, ರಿನೊ ಆಂಟೊ, ಥೋಯಿ ಸಿಂಗ್. ಸ್ಥಳೀಯರ ಪೈಕಿ ಸಿಯಾಮ್ ಹಂಗಲ್, ಶಂಕರ್ ಸಂಪಂಗಿರಾಜ್. ದೊಡ್ಡ ಕ್ಲಬ್ಬುಗಳು ಬೇಡವೆಂದ ಕೆಲವರು, ಇನ್ನೂ ಹೆಸರಾಗದ ಹಲವರು. ಅವರನ್ನೆಲ್ಲ ಒಂದೇ ಉಸಿರಿಗೆ ಕಟ್ಟಿದ್ದು ಕಠಿಣ ದೈಹಿಕ ತಾಲೀಮು ಮತ್ತು ಸೆಟ್‌ಪೀಸ್‌ಗಳ ಬಿಡದ ಅಭ್ಯಾಸ.

2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ಎದುರಾಳಿ ನೂರು ವರ್ಷ ದಾಟಿದ ಮೋಹನ್ ಬಾಗಾನ್. ಕ್ಲಬ್ಬಿನ ಮೊದಲ ಗೋಲು ರೂನಿಯದು, ಫಲಿತಾಂಶ 1-1. ಪಶ್ಚಿಮದ ಸ್ಟ್ಯಾಂಡಿನಲ್ಲಿ ನಿಂತೇ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳು ಆ ಋತುವಿನ ಉದ್ದಕ್ಕೂ ತಂಡದ ಬೆನ್ನಿಗಿದ್ದರು.

2014ರ ಜನವರಿಯಲ್ಲಿ ಕೇರಳದಲ್ಲಿ ನಡೆದ ಫೆಡರೇಷನ್ ಕಪ್‌ನಲ್ಲಿ ತಂಡ ಗುಂಪಿನ ಹಂತವನ್ನೇ ದಾಟಲಿಲ್ಲ. ಹೊಸಬರ ಹುಮ್ಮಸ್ಸು ಇಷ್ಟಕ್ಕೇ ಮುಗಿಯಿತೆಂದು ಹೇಳಲು ಅಷ್ಟು ಸಾಕಿತ್ತು. ಆದರೆ ಕಪ್ಪಿನ ಲೆಕ್ಕ ಬೇರೆ, ಲೀಗಿನ ಲೆಕ್ಕ ಬೇರೆ. ಕಪ್ಪಿನಲ್ಲಿ ಒಂದು ಕೆಟ್ಟ ಸಂಜೆ ಮನೆಗೆ ಕಳಿಸುತ್ತದೆ. ಲೀಗಿನಲ್ಲಿ ಅದನ್ನು ತೀರಿಸಲು ಮುಂದಿನ ವಾರವಿದೆ. ಹದಿಮೂರು ತಂಡಗಳು, 24 ಪಂದ್ಯಗಳು. ಶಿಲ್ಲಾಂಗ್‌ನಿಂದ ಗೋವಾದವರೆಗೆ ಪಯಣ. ಅಲ್ಲಿ ಗೆಲ್ಲಿಸುವುದು ಮಿಂಚಲ್ಲ, ದಮ್ಮು.

2014ರ ಏಪ್ರಿಲ್ 21ರಂದು ಮಡಗಾಂವಿನ ಫತೋರ್ಡಾದಲ್ಲಿ, ಹಲವು ಬಾರಿಯ ಚಾಂಪಿಯನ್ ಡೆಂಪೊವನ್ನು 4-2ರಿಂದ ಸೋಲಿಸಿದಾಗ ಪ್ರಶಸ್ತಿ ಬೆಂಗಳೂರಿನದಾಯಿತು. 14 ಗೆಲುವು, 5 ಡ್ರಾ, 5 ಸೋಲು, ಒಟ್ಟು 47 ಅಂಕ. ಎರಡನೆಯ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಚೆಟ್ರಿ ಒಬ್ಬರದೇ 14 ಗೋಲು. ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದ ಮೊದಲ ಕ್ಲಬ್ ಇದು.

ಮರುವರ್ಷ ಲೆಕ್ಕ ತಲೆಕೆಳಗಾಯಿತು. 2015ರ ಜನವರಿ 11ರಂದು ಅದೇ ಫತೋರ್ಡಾದಲ್ಲಿ ಅದೇ ಡೆಂಪೊವನ್ನು 2-1ರಿಂದ ಮಣಿಸಿ ಫೆಡರೇಷನ್ ಕಪ್ ಎತ್ತಿದ ತಂಡ, ಲೀಗನ್ನು ಕೊನೆಯ ದಿನ ಕಳೆದುಕೊಂಡಿತು. ಮೇ 31, ಕಂಠೀರವ ಕ್ರೀಡಾಂಗಣ. ಬೆಂಗಳೂರಿಗೆ ಗೆಲುವೇ ಬೇಕು, ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಜಾನ್ಸನ್ ಗೋಲಿನಿಂದ ಮುಂದಿದ್ದ ತಂಡದ ಆಸೆಯನ್ನು 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಮುಗಿಸಿತು. ಆದರೂ 2016ರ ಏಪ್ರಿಲ್ 17ರಂದು ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ರಿಂದ ಸೋಲಿಸಿದಾಗ ಲೀಗು ಮರಳಿ ಬಂತು.

ಆಮೇಲೆ ತರಬೇತುದಾರರಾಗಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಅವರ ಕೈಯಲ್ಲಿ ತಂಡ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ಅನ್ನು ಸೆಮಿಫೈನಲಿನಲ್ಲಿ ಹಿಂದಿಕ್ಕಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. 2016ರ ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ರಿಂದ ಗೆದ್ದಿತು. 2017ರಲ್ಲಿ ಕಟಕ್‌ನಲ್ಲಿ ಮತ್ತೊಂದು ಫೆಡರೇಷನ್ ಕಪ್. ಹೆಚ್ಚುವರಿ ಅವಧಿಯ ಎರಡೂ ಗೋಲು ಸಿ.ಕೆ. ವಿನೀತ್ ಅವರವು. ಅದೇ ವರ್ಷ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರವೇಶ. 2018ರ ಫೈನಲ್ ತವರಲ್ಲೇ ಚೆನ್ನೈಯಿನ್‌ಗೆ 3-2ರಿಂದ ಹೋಯಿತು. ಮರುತಿಂಗಳೇ ಸೂಪರ್ ಕಪ್ ಬಂತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಗೋವಾವನ್ನು ಮಣಿಸಿದಾಗ ಐಎಸ್‌ಎಲ್ ಕೂಡ ಕೈಸೇರಿತು.

2022ರ ಡುರಾಂಡ್ ಕಪ್ ಫೈನಲಿನಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿದಾಗ ಮೊದಲ ಗೋಲು ತಮಿಳುನಾಡಿನ ಶಿವಗಂಗೆ ಜಿಲ್ಲೆಯಿಂದ ಬಂದ ಹುಡುಗ ಶಿವಶಕ್ತಿ ನಾರಾಯಣನ್ ಅವರದು. ಅದೇ ವರ್ಷ ಕ್ಲಬ್ಬಿನ ಎರಡನೆಯ ತಂಡ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿತು. ನಂತರದ ಫೈನಲುಗಳಲ್ಲಿ ಅದೃಷ್ಟ ಕೈಹಿಡಿಯಲಿಲ್ಲ: 2023ರ ಐಎಸ್‌ಎಲ್ ಪೆನಾಲ್ಟಿಯಲ್ಲಿ, 2025ರದು ಹೆಚ್ಚುವರಿ ಅವಧಿಯಲ್ಲಿ, ಎರಡೂ ಮೋಹನ್ ಬಾಗಾನ್ ಪಾಲಾದವು.

ಕಪಾಟಿನಲ್ಲಿರುವ ಬೆಳ್ಳಿಯನ್ನು ಎಣಿಸುವುದು ಸುಲಭ. ಕ್ಲಬ್ ನಿಜವಾಗಿ ಬದಲಿಸಿದ್ದು ಅಭ್ಯಾಸವನ್ನು: ಆಟಗಾರನೆಂದರೆ ಸಂಜೆಯ ಆಟಗಾರನಲ್ಲ, ಇದೇ ಅವನ ಕಸುಬು ಎಂಬ ಮಾತನ್ನು ಈ ಊರಿನಲ್ಲಿ ಅದು ನೆಲೆಗೊಳಿಸಿತು. ಬಾಕಿಯೂ ಇದೆ. 2023ರ ಮಾರ್ಚಿನಲ್ಲಿ ಕರ್ನಾಟಕದ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದರು. ಪ್ರತಿಭೆಗೆ ಇಲ್ಲಿ ಬರವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಗರದ ಗೌತಮಪುರ, ಆಸ್ಟಿನ್ ಟೌನ್‌ಗಳ ಹುಡುಗರು ನೀಲಿ ಅಂಗಿ ತೊಟ್ಟು ಮೊದಲ ಹನ್ನೊಂದರಲ್ಲಿ ಹೆಚ್ಚೆಚ್ಚು ಕಾಣಿಸಬೇಕು. ಕ್ಲಬ್ ತನ್ನ ಮುಂದಿನ ದಶಕದ ಗುರಿಯಾಗಿ ಇದನ್ನೇ ಇಟ್ಟುಕೊಳ್ಳಲಿ. ನಾವು ಸ್ಟ್ಯಾಂಡುಗಳನ್ನು ತುಂಬೋಣ.