ಕಿರುಬಿಲ್ಲೆ

ಕಿರುಬಿಲ್ಲೆ: ಡೆಂಗಿ ಕಾಲದಲ್ಲಿ ಮಾಕಳಿಯಿಂದ ಪೀಣ್ಯದವರೆಗೆ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದೇ ಮಾತು. ಇಟಲಿಯ ವಿಜ್ಞಾನಿ ಬಿಜೊಜೆರೊ 1882ರಲ್ಲಿ ಈ ರಕ್ತಕಣವನ್ನು ಪುಟ್ಟ ತಟ್ಟೆಯೆಂದೇ ಕರೆದ; ನಮ್ಮಲ್ಲೂ ‘ಕಿರುತಟ್ಟೆ’ ಬಂತು. ಆದರೆ ತಟ್ಟೆಯ ನಡು ತಗ್ಗು, ಈ ಕಣದ್ದು ಉಬ್ಬು. ಹಾಗಾಗಿ ಕುಂಟೆಬಿಲ್ಲೆಯ, ಜವಾನನ ಎದೆಪಟ್ಟಿಯ ಬಿಲ್ಲೆಯೇ ಮೇಲು. ತೆಲುಗಿನ ‘ಬಿಳ್ಳ’ ಮಾತ್ರೆಯೂ ಹೌದು. ತಮಿಳಿನ ‘ವಿಲ್ಲೈ’ ಮಸೂರವೂ ಹೌದು, ಅದಂತೂ ನಡುವುಬ್ಬೇ! ಆಕಾರದ ಹೆಸರು ಕೆಲಸ ತಿಳಿಸುವುದಿಲ್ಲವಲ್ಲ ಎನ್ನಬಹುದು. ಕೆಲಸವೇ ಒಂದಲ್ಲವಲ್ಲ: ರಕ್ತ ಹೆಪ್ಪುಗಟ್ಟಿಸುವ ಇವೇ, ಮಂಡಿಗೆ ಚುಚ್ಚುವ ಪಿಆರ್‌ಪಿಯಲ್ಲಿ (ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾದಲ್ಲಿ) ಬೆಳವಣಿಗೆಯ ಅಂಶಗಳನ್ನು ಬಿಡುಗಡೆ ಮಾಡಿ, ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕಣಗಳನ್ನು ಉರಿಯೂತದಿಂದ ದುರಸ್ತಿಯತ್ತ ತಿರುಗಿಸಬಲ್ಲವು.