ಮಧ್ಯಸ್ಥನ ಪಾಡು

ಕಾದಾಡಿದವರ ಕತೆಯನ್ನು ಇತಿಹಾಸ ವಿಸ್ತಾರವಾಗಿ ಹೇಳುತ್ತದೆ. ನಡುವೆ ಕುಳಿತು ಕದನ ನಿಲ್ಲಿಸಿದವನಿಗೆ ಒಂದೆರಡು ಸಾಲು ದೊರೆತರೆ ಹೆಚ್ಚು. ಆ ಕೆಲಸ ಅವನ ಮೈಮನಗಳಿಂದ ಏನನ್ನು ಕಿತ್ತುಕೊಂಡಿತೆಂಬುದು ಬರವಣಿಗೆಗೆ ಬರುವುದೇ ಅಪರೂಪ. ಅಂಥವರಲ್ಲೊಬ್ಬರಾದ ರಾಲ್ಫ್ ಬಂಚ್ ಅವರ ವಿಚಾರವನ್ನು ಹೇಳಬೇಕೆಂದಿದ್ದೇನೆ.

ಬಂಚ್ ಅಮೆರಿಕದ ಕಪ್ಪುಜನಾಂಗಕ್ಕೆ ಸೇರಿದವರು. ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಮುಂದೆ ವಿಶ್ವಸಂಸ್ಥೆಯ ಸೇವೆಗೆ ಬಂದವರು. 1948ರ ಮೇ ತಿಂಗಳಲ್ಲಿ ಅರಬ್ ರಾಷ್ಟ್ರಗಳಿಗೂ ಆಗತಾನೆ ಹುಟ್ಟಿದ್ದ ಇಸ್ರೇಲಿಗೂ ಯುದ್ಧ ಹತ್ತಿಕೊಂಡಾಗ ವಿಶ್ವಸಂಸ್ಥೆ ಸ್ವೀಡನ್ನಿನ ಕೌಂಟ್ ಬರ್ನಡೋಟರನ್ನು ಮಧ್ಯಸ್ಥರನ್ನಾಗಿ ನೇಮಿಸಿತು. ಬಂಚ್ ಅವರಿಗೆ ಬಲಗೈಯಾದರು. ಸೆಪ್ಟೆಂಬರ್ 17ರಂದು ಜೆರೂಸಲೆಮಿನಲ್ಲಿ ಯೆಹೂದಿ ಉಗ್ರರ ಗುಂಪೊಂದು ಬರ್ನಡೋಟರನ್ನು ಗುಂಡಿಕ್ಕಿ ಕೊಂದಿತು. ಕಾರಿನಲ್ಲಿ ಅವರ ಪಕ್ಕದಲ್ಲಿದ್ದ ಫ್ರೆಂಚ್ ಅಧಿಕಾರಿ ಆಂದ್ರೆ ಸೆರೊ ಕೂಡ ಹತರಾದರು. ಆ ದಿನ ಬರ್ನಡೋಟರನ್ನು ಕೂಡಿಕೊಳ್ಳಬೇಕಾಗಿದ್ದ ಬಂಚ್, ದಾರಿಯಲ್ಲಿ ತಡವಾದ್ದರಿಂದ ಉಳಿದುಕೊಂಡರು.

ಗತಿಸಿದ ಹಿರಿಯರ ಹೊಣೆ ಅವರ ಹೆಗಲಿಗೇ ಬಂತು. ಇಸ್ರೇಲ್ ಸರ್ಕಾರ ಆ ಗುಂಪನ್ನು ನಿಷೇಧಿಸಿತೆಂಬುದು ನಿಜ. ಆದರೂ ಕೊಂದವರು ಹುಟ್ಟಿಬಂದ ಪಕ್ಷದೊಡನೆ ಸಮಚಿತ್ತದಿಂದ ಮಾತನಾಡುವುದು ಸುಲಭವೇ? ಮಧ್ಯಸ್ಥನಾದವನಿಗೆ ಸಿಟ್ಟು ಬರಬಾರದು, ಬಂದರೂ ಕಾಣಬಾರದು. ದುಃಖಕ್ಕೂ ಅದೇ ಕಟ್ಟು.

1949ರ ಜನವರಿ 13ರಂದು ಗ್ರೀಸಿನ ರೋಡ್ಸ್ ದ್ವೀಪದ ಹೋಟೆಲೊಂದರಲ್ಲಿ ಈಜಿಪ್ಟ್ ಮತ್ತು ಇಸ್ರೇಲಿನ ಪ್ರತಿನಿಧಿಗಳ ಮಾತುಕತೆ ಮೊದಲಾಯಿತು. ಆರು ವಾರ ಎಳೆದಾಡಿತು. ಬಂಚ್ ದೊಡ್ಡ ಪ್ರಶ್ನೆಗಳನ್ನು ಹಿಂದಿರಿಸಿ, ಯಾವ ವಿಷಯ ಯಾವಾಗ ಚರ್ಚೆಗೆ ಬರಬೇಕೆಂಬಂಥ ಸಣ್ಣ ಕಾಗದಗಳಿಗೆ ಇಬ್ಬರಿಂದಲೂ ರುಜು ಹಾಕಿಸಿದರು. ಕೂಡಿ ರುಜು ಹಾಕುವುದು ಕೈಗೆ ರೂಢಿಯಾಗಲಿ ಎಂಬುದು ಅವರ ಲೆಕ್ಕ. ಇದು ಎದುರಿನವರಿಗೆ ಮಾಡಿದ ಉಪಾಯ ಮಾತ್ರವಲ್ಲ, ಅವರಿಗೂ ಒದಗಿದ ಆಸರೆಯೆಂದು ನನಗೆ ತೋರುತ್ತದೆ. ಬೆಟ್ಟವನ್ನು ನೋಡುತ್ತ ಕುಳಿತವನಿಗೆ ಎದೆಗುಂದುತ್ತದೆ. ಮುಂದಿನ ಮೆಟ್ಟಿಲನ್ನಷ್ಟೇ ನೋಡುವವನು ಹೇಗೋ ಹತ್ತುತ್ತಾನೆ.

ರಾತ್ರಿಯೆಲ್ಲ ಕರಡು ತಿದ್ದುವುದು, ಸಾಲುಸಾಲಾಗಿ ಸಿಗರೇಟು, ಬಿಡುವು ಸಿಕ್ಕರೆ ಒಂದಾಟ ಬಿಲಿಯರ್ಡ್ಸ್. ಒಪ್ಪಂದವಾದಾಗ ಕೊಡಲೆಂದು ದ್ವೀಪದ ಕುಂಬಾರರಿಂದ ಚಿತ್ತಾರದ ತಟ್ಟೆಗಳನ್ನು ಮೊದಲೇ ಮಾಡಿಸಿಟ್ಟಿದ್ದರು. ಒಪ್ಪಂದವಾಗದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದವರಿಗೆ, ಅವನ್ನು ನಿಮ್ಮ ತಲೆಯ ಮೇಲೇ ಒಡೆಯುತ್ತಿದ್ದೆ ಎಂದರಂತೆ. ಅಷ್ಟು ದಿನ ಅದುಮಿಟ್ಟ ಸಿಟ್ಟು ನಗೆಯ ವೇಷದಲ್ಲಿ ಹೊರಬಂದದ್ದು ಹೀಗೆ. ನಗಲಾಗದ ಮಾತುಗಳು ಹೆಂಡತಿ ರೂತ್ ಅವರಿಗೆ ಬರೆದ ಪತ್ರಗಳಲ್ಲಿವೆ: ಈ ಬಲೆಯಿಂದ ಒಮ್ಮೆ ಬಿಡಿಸಿಕೊಂಡರೆ ಪ್ಯಾಲೆಸ್ಟೈನ್ ಸಮಸ್ಯೆಯ ಹತ್ತಿರವೂ ಸುಳಿಯುವುದಿಲ್ಲವೆಂದು ಅವರು ಆಣೆಯಿಟ್ಟು ಬರೆದಿದ್ದರು.

ಫೆಬ್ರವರಿ 24ರಂದು ಈಜಿಪ್ಟ್ ರುಜು ಹಾಕಿತು. ಲೆಬನಾನ್, ಜೋರ್ಡನ್ ಅನುಸರಿಸಿದವು. ಜುಲೈ 20ರಂದು ಸಿರಿಯದ ಒಪ್ಪಂದವೂ ಆಯಿತು. 1950ರಲ್ಲಿ ಬಂಚ್ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು.

ಆದರೆ ಅದು ಕದನವಿರಾಮವೇ ಹೊರತು ಶಾಂತಿಯಲ್ಲ. 1956ರಲ್ಲಿ ಸೂಯೆಜ್ ಬಿಕ್ಕಟ್ಟು ಎದ್ದಾಗ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಅದೇ ನೆಲದಲ್ಲಿ ಕಟ್ಟಿ ನಿಲ್ಲಿಸಲು ದುಡಿದವರು ಆಣೆಯಿಟ್ಟಿದ್ದ ಬಂಚ್ ಅವರೇ. 1967ರಲ್ಲಿ ಆ ಪಡೆ ಹೊರಬಿದ್ದಿತು, ಯುದ್ಧ ಮರಳಿತು. ಸಕ್ಕರೆ ಕಾಯಿಲೆ ಅವರ ಕಣ್ಣುಗಳನ್ನೂ ಮಂಕಾಗಿಸುತ್ತಿತ್ತು. 1971ರಲ್ಲಿ ಕೆಲಸ ಬಿಟ್ಟ ಅವರು ಅದೇ ವರ್ಷದ ಡಿಸೆಂಬರ್ 9ರಂದು ತೀರಿಕೊಂಡರು. ಇಬ್ಬರ ಕೋಪವನ್ನು ತಾನೊಬ್ಬನೇ ಹೊರುವವನ ಭಾರವನ್ನು ಯಾವ ಒಪ್ಪಂದವೂ ಇಳಿಸುವುದಿಲ್ಲ. ಅದನ್ನು ಅರಿತೂ ಕರೆದಾಗ ಎದ್ದು ಹೋದರೆಂಬುದೇ ನಾನು ಅವರಲ್ಲಿ ಕಾಣುವ ದೊಡ್ಡತನ.